ಚೀಟಿಗೆ ಹೆದರುವ ಡಾಕ್ಟರು

ಮಾರ್ಚ್ 11, ಮಂಗಳವಾರ

ನಾನು ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟ ದಡ್ಡ. ಅಕ್ಕ ನಾಳೆಯ ಡಾಕ್ಟರು. ಆ ಡಾಕ್ಟರು ನಿನ್ನೆ ನನ್ನ ಮೊಬೈಲ್ ರಿಪೇರಿ ಅಂಗಡಿಗೆ ಬಂದು, "ಪರೀಕ್ಷೆ ಮುಗಿಯೋವರೆಗೂ ಇಟ್ಕೋ, ಕಾಲಿಗೆ ಬಿದ್ರೂ ಕೊಡ್ಬೇಡ" ಎಂದು ಫೋನ್ ಕೊಟ್ಟು ಹೋದಳು. ಇವತ್ತು ಮಧ್ಯಾಹ್ನವೇ ಬಿಳಿ ಕೋಟಿನಲ್ಲಿ ಹಾಜರ್.

"ಐದೇ ನಿಮಿಷ ಕೊಡೋ."

"ಗಿರಾಕಿಗಳು ನೋಡ್ತಿದ್ದಾರೆ, ಮಾನ ಕಳೀಬೇಡ. ಹೋಗಿ ಓದ್ಕೋ."

"ಸ್ಕೂಲ್ ಬಿಟ್ಟೋನಿಗೇನೋ ಗೊತ್ತು ಓದೋ ಕಷ್ಟ?"

ಥೂ. ಊರಿಗೆಲ್ಲ ಔಷಧಿ ಬರೆಯಲು ಹೊರಟವಳಿಗೆ ಒಂದು ದಿನ ಫೋನ್ ಬಿಟ್ಟಿರಲು ಆಗಲಿಲ್ಲ. ಕಿತ್ತುಕೊಳ್ಳಲು ಕೌಂಟರ್ ಮೇಲೇ ಬಗ್ಗಿದಳು. ನಾಲ್ಕು ದಿನದಿಂದ ನಿದ್ದೆಯಿಲ್ಲವಂತೆ. ಫೋನ್ ಕೆಳಗಿಟ್ಟರೆ ಸಾಯೋಣ ಅನಿಸುತ್ತದಂತೆ.

"ನಿಮ್ಮ ಕಾಲೇಜಲ್ಲೇ ಮನಸ್ಸಿನ ಡಾಕ್ಟ್ರಿದ್ದಾರಲ್ಲ, ತೋರಿಸ್ಕೋ."

"ಅಲ್ಲಿ ರೋಗಿಗಳ ಚೀಟಿ ಬರೆಯೋರೇ ನನ್ನ ಕ್ಲಾಸ್‌ನೋರು ಕಣೋ. ನನ್ನ ಹೆಸರು ನೋಡಿದ್ರೆ ಮುಗೀತು."

ಎಂಥ ಓದು ಇವರದು! ಕಾಯಿಲೆಗಿಂತ ಚೀಟಿಗೆ ಹೆದರುತ್ತಾರೆ. ಫೋನ್ ಕೊಟ್ಟು, ಸಂಜೆವರೆಗೂ ಅಂಗಡಿಯಲ್ಲೇ ಕೂರಿಸಿಕೊಂಡೆ. ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವುದಿಲ್ಲ, ಬೇರೆ ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತೇನೆ. ಅಲ್ಲೂ ಹೆದರಿದರೆ ನನ್ನ ಹೆಸರಲ್ಲೇ ಚೀಟಿ ಮಾಡಿಸುತ್ತೇನೆ. ನನ್ನನ್ನು ಹುಚ್ಚ ಅನ್ನಲಿ, ಒಳಗೆ ಹೋದ ಮೇಲೆ ಅವಳು ಬಾಯಿ ಬಿಟ್ಟರೆ ಸಾಕು, ಇಲ್ಲದಿದ್ದರೆ ನಾನೇ ಡಾಕ್ಟರಿಗೆ ಎಲ್ಲ ಹೇಳಿಬಿಡುತ್ತೇನೆ.