ಚಂದಾ ಬಾಕಿ ಇದ್ದವರಿಗೂ ಜಾಗ

ತುಮಕೂರು, 1983

ಅಪ್ಪಾ,

ಇವತ್ತು ಆರಾಧನೆ ಮುಗಿದ ಮೇಲೆ ಚರ್ಚ್‌ನಲ್ಲಿ ಸದಸ್ಯರ ಸಭೆ ಇತ್ತು. ಚಂದಾ ಬಾಕಿ ಇದ್ದವರಿಗೂ ಇನ್ನು ಮೇಲೆ ನಮ್ಮ ಸ್ಮಶಾನದಲ್ಲಿ ಜಾಗ ಕೊಡಬೇಕು ಅಂತ ತೀರ್ಮಾನವಾಯ್ತು. ಆ ಮಾತು ಎತ್ತಿದ್ದು, ಹೋದ ವರ್ಷ ನಿನಗೆ ಜಾಗ ಇಲ್ಲ ಅಂದ ಖಜಾಂಚಿ ಸತ್ಯಮಿತ್ರ ಅವರೇ. ಅವರ ಮಗ ಕೆಲಸ ಮಾಡ್ತಿದ್ದ ಫ್ಯಾಕ್ಟರಿಯೂ ಈಗ ಮುಚ್ಚಿದೆ. "ಕೆಲಸ ಹೋದವನು ಚಂದಾ ಎಲ್ಲಿಂದ ತರ್ತಾನೆ?" ಅಂತ ಕೇಳಿದ್ರು. ನಿನ್ನ ಮಿಲ್ಲು ಮುಚ್ಚಿದಾಗ ನೀನೂ ಇದನ್ನೇ ಕೇಳಿದ್ದೆ.

ಎಲ್ಲರ ಜೊತೆ ನಾನೂ ಕೈ ಎತ್ತಿದೆ.

ಗುಬ್ಬಿಯಲ್ಲಿ ಮಾವನ ಹೊಲದ ಬದುವಿನ ಪಕ್ಕ ನಿನ್ನನ್ನ ಮಣ್ಣು ಮಾಡಿದಾಗಿನಿಂದ ಅಮ್ಮ ಚರ್ಚ್‌ಗೆ ಬರೋದೇ ಇಲ್ಲ. ನಾನು ಮನೆಗೆ ಬಂದಾಗ ಅಕ್ಕಿ ಆರಿಸ್ತಾ ಕೂತಿದ್ಲು.

"ಸಭೇಲಿ ಏನಾಯ್ತೇ, ಸುಗುಣಾ?"

"ಚರ್ಚ್‌ನ ಹೆಂಚು ಬದಲಾಯಿಸೋ ವಿಷ್ಯ ಕಣಮ್ಮ" ಅಂದು ಒಳಗೆ ಹೋದೆ.