ಪುಂಡಿ ನಾರಿನ ತೊಟ್ಟಿಲ ಹಗ್ಗ

ಹೊಳಗುಂದ
20 ನವೆಂಬರ್ 2024

ಸೌಭಾಗ್ಯವತಿ ಮಂಗಳಾಳಿಗೆ,

ಅವ್ವನ ತುಂಬು ಆಶೀರ್ವಾದ. ದೀಪಾವಳಿ ಮುಗಿಸಿ ನೀನು ಹೋದ ಕೂಡಲೇ ಬರೆಯಬೇಕೆಂದಿದ್ದೆ, ತಡವಾಯಿತು, ಮುನಿಸಿಕೊಳ್ಳಬೇಡ. ಫೋನಿರುವಾಗ ಕಾಗದವೇಕೆ ಎಂದು ನಗುತ್ತೀಯ. ಫೋನಿನಲ್ಲಾದರೆ "ಅರಾಮ ಅದೀನವ್ವಾ" ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಕೊನೆಯ ತನಕ ಓದಲೇಬೇಕು. ಗೋನೆಗಂಡ್ಲದ ನೀರು ಒಗ್ಗಿತೇ? ಏಳು ತಿಂಗಳು ತುಂಬಿತು, ಕೊಡ ಎತ್ತಬೇಡ. ಎತ್ತುತ್ತೀಯ, ನನಗೆ ಗೊತ್ತು. ಮೊಂಡುತನದಲ್ಲಿ ನನ್ನ ಮಗಳೇ.

ಇಲ್ಲಿ ಹಳ್ಳದಲ್ಲಿ ನೆನೆಹಾಕಿದ್ದ ಪುಂಡಿ ಕಟ್ಟು ಕೊಳೆತು ನಾರು ಬಿಟ್ಟಿತು. ಓಣಿಯ ಹೆಂಗಸರೆಲ್ಲ ಕೂತು ಸುಲಿದೆವು, ಊರೆಲ್ಲ ನಾತ. ನಿನಗಾಗಿ ಉದ್ದನೆಯ ಬಿಳಿ ನಾರು ಆರಿಸಿಟ್ಟೆ. ಚೊಚ್ಚಲ ಕೂಸಿನ ತೊಟ್ಟಿಲಿಗೆ ಹಗ್ಗ ಹೊಸೆಯುವುದು ಬಸುರಿಯ ತಾಯಿಯ ಕೆಲಸ. ಅಂಗಡಿಯ ನೈಲಾನು ಕಟ್ಟಿದರೆ ನನ್ನನ್ನು ಯಾರು ಸುಮ್ಮನೆ ಬಿಡುತ್ತಾರೆ?

ಹೊಸೆಯಲು ಕೂತೆ. ಬಲತೊಡೆಯ ಮೇಲೆ ನಾರಿಟ್ಟು ಅಂಗೈಯಿಂದ ಉಜ್ಜಿದರೆ, ಹುರಿ ಬಿಗಿಯಾಯಿತೋ ಸಡಿಲಾಯಿತೋ ಎಂದು ಇಷ್ಟು ವರ್ಷ ತೊಡೆಯೇ ಹೇಳುತ್ತಿತ್ತು. ಈ ಸಲ ಅದು ಏನೂ ಹೇಳಲಿಲ್ಲ. ಪಕ್ಕದ ಮನೆಯ ಪಕೀರಮ್ಮ ಕಿರುಚಿದಳು: "ಏ ಉರುಕುಂದಿ, ಕಣ್ಣು ಕಾಣವಲ್ದೇನು? ತೊಡಿ ಸುಲಿದು ರಕ್ತ ಬರಾಕತ್ತೈತಿ!" ನೋಡಿದರೆ ನಿಜ. ನೋವೇ ಇರಲಿಲ್ಲ.

ಆಲೂರಿನ ಡಾಕ್ಟರು ಕಾಲಿಗೆ ಸೂಜಿ ಚುಚ್ಚಿ ಚುಚ್ಚಿ ನೋಡಿ, "ಶುಗರ್ ಐತಮ್ಮಾ, ನರ ಜೋಮು ಹಿಡಿದಾವ. ಗುಳಿಗಿ ಬಿಡಬ್ಯಾಡ್ರಿ" ಅಂದರು. ನುಂಗುತ್ತಿದ್ದೇನೆ. ನೀನು ಗಾಬರಿಯಾಗಬೇಡ, ಇಬ್ಬರ ಗಾಬರಿಯನ್ನೂ ನಾನೇ ಪಡುತ್ತಿದ್ದೇನೆ.

ಹೇಗೋ ಹಗ್ಗ ಮುಗಿಸಿ, ತೊಲೆಗೆ ಕಟ್ಟಿ, ಶೇಂಗಾ ಚೀಲ ತೂಗುಹಾಕಿ ನೋಡಿದೆ. ನಡುವೆ ಒಂದು ಕಡೆ ಹುರಿ ಬಿಚ್ಚಿಕೊಂಡು ಚೀಲ ದಡ್ಡನೆ ಬಿತ್ತು. ಆ ಸಪ್ಪಳ ಇನ್ನೂ ಕಿವಿಯಲ್ಲಿದೆ. ಅದರಲ್ಲಿ ಕೂಸಿದ್ದಿದ್ದರೆ? ಬೇರೆಯವರಿಂದ ಹೊಸೆಸಿದರೆ ನಿನಗೆ ಕೇಡಾದೀತೆಂಬ ಹೆದರಿಕೆ, ನಾನೇ ಹೊಸೆದರೆ ಕೂಸಿಗೆ ಏನಾದೀತೆಂಬ ಹೆದರಿಕೆ. ಪಕೀರಮ್ಮನ ಮುಂದೆ ಅತ್ತುಬಿಟ್ಟೆ.

"ಅಳಬ್ಯಾಡ ಸುಮ್ಕಿರು. ಕೈ ನಿಂದಾ ಇರಲಿ, ತೊಡಿ ನಂದು ತಗಾ. ಸಡ್ಲಾದ್ರ ನಾ ಹೇಳ್ತೀನಿ" ಎಂದು ಅವಳು ಸೀರೆ ಮೇಲೆ ಸರಿಸಿ ಪಕ್ಕದಲ್ಲೇ ಕೂತಳು. ಹಾಗೇ ಹೊಸೆದೆವು. "ಇನ್ನೊಂಚೂರು ಒತ್ತು... ಹಾಂ, ಸಾಕು, ನನ್ನ ತೊಗಲು ಸುಲಿತೀ ಏನು?" ಎಂದು ಬೈಯುತ್ತಲೇ ಇದ್ದಳು. ಹೊಸ ಹಗ್ಗ ಈಗ ಎರಡು ಚೀಲ ಹೊತ್ತು ತೂಗುತ್ತಿದೆ. ಆದರೂ ಒಳಗೆ ಹೊರಗೆ ಓಡಾಡುವಾಗಲೆಲ್ಲ ಜಗ್ಗಿ ನೋಡುತ್ತೇನೆ.

ಅಳಿಯ ತಿಪ್ಪೇಶನಿಗೆ ಆಶೀರ್ವಾದ, ಬೀಗತಿಯವರಿಗೆ ಶರಣು ಹೇಳು. ಎರಡು ಜೀವ ಸುಖವಾಗಿ ಬೇರೆಯಾಗಲಿ, ನಿನ್ನ ಮಡಿಲು ತಂಪಾಗಿರಲಿ.

ನಿನ್ನ ಅವ್ವ,
ಉರುಕುಂದಮ್ಮ

ತಾ.ಕ.: ಕೂಸಿಗೆ ನೀರು ಹಾಕುವಾಗಲೂ ಪಕೀರಮ್ಮನೇ ಕಾಲು ಚಾಚಿ ಕೂರಲಿ, ನೀರಿನ ಬಿಸಿ ನನ್ನ ಕಾಲಿಗೆ ತಿಳಿಯದು. ಅದನ್ನು ಹೇಗೋ ತಡೆದುಕೊಂಡೇನು. ಆದರೆ ದೀಪಾವಳಿಗೆ ಬಂದಾಗ ನೀನು ನನ್ನ ತೊಡೆಯ ಮೇಲೆ ತಲೆಯಿಟ್ಟು, ಗೋಡೆ ಕಡೆ ಮುಖ ಮಾಡಿ ಮಲಗಿದ್ದೆಯಲ್ಲ. ನಿದ್ದೆ ಹತ್ತಿದೆ ಎಂದುಕೊಂಡು ನಾನು ಪಕೀರಮ್ಮನ ಜೊತೆ ಹರಟುತ್ತಲೇ ಇದ್ದೆ. ನೀನೆದ್ದ ಮೇಲೆ ಸೀರೆ ಒದ್ದೆಯಾಗಿತ್ತು. ಚೊಂಬಿನ ನೀರು ಚೆಲ್ಲಿರಬೇಕು ಎಂದು ಸುಮ್ಮನಾದೆ. ಈಗ ತಿಳಿಯಿತು. ಯಾಕೆ ಅಳುತ್ತಿದ್ದೆ, ಮಗಳೇ?