ಕರಿ ಹೆಂಟೆಯ ಹೊಗೆ

ಕೊಂಢವಾ, ಪುಣೆ
೧೮ ಜನವರಿ ೨೦೨೬

ಪ್ರೀತಿಯ ತಮ್ಮ ಕೇದಾರನಿಗೆ ಸುಮಕ್ಕನ ಆಶೀರ್ವಾದ.

ಕೆಮ್ಮು ಹೇಗಿದೆ? ಕಾಲ್ಬೆರಳ ಸಂದಿ ಒರೆಸಿಕೊಳ್ಳುತ್ತೀಯೋ ಇಲ್ಲವೋ? ಆ ಬೋರ್ನಿಯೋ ದ್ವೀಪದಲ್ಲಿ ನೆರೆ ಬಂದು ಫೋನಿನ ಗೋಪುರ ಬಿದ್ದ ಮೇಲೆ ನಿನ್ನ ದನಿ ಕೇಳಿಲ್ಲ, ನನಗೆ ಅನ್ನ ಇಳಿಯುತ್ತಿಲ್ಲ. ಅಲ್ಲಿ ನೀರಲ್ಲಿ ಮೊಸಳೆ ಇರುತ್ತವಂತೆ, ನನ್ನ ಮಗಳು ಮುಕ್ತಾ ಮೊಬೈಲಿನಲ್ಲಿ ತೋರಿಸಿದಳು, ಈಗ ಆ ಚಿಂತೆಯೂ ಸೇರಿಕೊಂಡಿದೆ. ನಿನ್ನ ಜೊತೆ ಕೆಲಸ ಮಾಡುವ ಭೀಮು ರಜೆ ಮುಗಿಸಿ ನಾಳೆ ಹೊರಡುತ್ತಾನೆ. ಅವನ ಕೈಯಲ್ಲೇ ಈ ಕಾಗದ, ಜೊತೆಗೆ ಶೇಂಗಾ ಚಟ್ನಿ.

ಇಲ್ಲಿಯ ಸುದ್ದಿ ಕೇಳು, ನನ್ನ ಮೇಲೆ ಸಿಟ್ಟಾಗಬೇಡ. ನಿನ್ನ ಮಾಲೀಕ ವಿಕ್ರಮ ಊರೆಲ್ಲ ಹೇಳಿಕೊಂಡು ತಿರುಗಿದ: "ಕೇದಾರ ಕಟ್ಟಿದ ಒಡ್ಡು ಹುಳುಕಿದ್ವು, ಅದಕ್ಕs ಆ ಹಳ್ಳಿ ಮುಳುಗ್ತು." ನಿನಗೆ ಗೊತ್ತುಮಾಡಿದ್ದ ಪೂರ್ವಾಳ ಅಪ್ಪ ಅದನ್ನೇ ನಂಬಿ ನಿಶ್ಚಯದ ಸೀರೆ ವಾಪಸು ಕಳಿಸಿದರು. ನಿಜ ನನಗೆ ಗೊತ್ತಿಲ್ಲವೇ? ಕಾಲುವೆಗಳಿಗೆ ಒಡ್ಡು ಹಾಕಿ ಜೌಗು ನೆಲವನ್ನು ಹಸಿಯಾಗಿಡುತ್ತೇನೆಂದು, ಅದಕ್ಕೆ ದುಡ್ಡು ಕೊಡುವ ಪರದೇಶದವರಿಗೆ ಮಾತು ಕೊಟ್ಟವನು ಅವನು. ಎಣ್ಣೆತಾಳೆ ನೆಡುವ ಆಸೆಗೆ, ನೀನು ಒಲ್ಲೆ ಎಂದರೂ, ಬೇರೆಯವರ ಕೈಲಿ ಅವೇ ಒಡ್ಡು ಒಡೆಸಿದವನೂ ಅವನೇ. ಅವತ್ತು ನೀನು ಫೋನಿನಲ್ಲಿ ಅತ್ತದ್ದು ಇನ್ನೂ ಕಿವಿಯಲ್ಲಿದೆ: "ಅಕ್ಕಾ, ಇದು ಬರೇ ಮಣ್ಣಲ್ಲ, ಸಾವಿರಾರು ವರ್ಷದ ಎಲಿ, ಬೇರು. ನೀರಾಗ ಇರೂತನಕ ಇಂಗಾಲ ಹೊಟ್ಟ್ಯಾಗ ಇಟ್ಕೊಂಡು ಮಲಗಿರ್ತದ. ಒಣಗಿದ್ರ ಒಳಗಿಂದೊಳಗs ಸುಟ್ಟು ಹೊಗಿ ಆಗಿ ಹೋಗ್ತದ, ನೆಲಾ ಕುಸೀತದ, ಮುಂದಿನ ಮಳಿಗೆ ಊರs ಕೆರಿ ಆಗ್ತದ." ಹಾಗೆಯೇ ಆಯಿತಲ್ಲ.

ಹೋದ ರವಿವಾರ ಶಿವಾಜಿನಗರದ ಸಭಾಗೃಹದಲ್ಲಿ ನಮ್ಮ ಸಮಾಜದವರು ಅವನಿಗೆ 'ಪರಿಸರ ರಕ್ಷಕ' ಎಂದು ಸತ್ಕಾರ ಇಟ್ಟಿದ್ದರು. ಮುತ್ತೈದೆಯರ ಆರತಿಗೆ ನನ್ನನ್ನೇ ಕರೆದ: "ವೈನಿ, ನೀವs ಬರ್ರಿ. ನಮ್ಮ ನಡುವ ಏನೂ ಜಗಳ ಇಲ್ಲಂತ ಮಂದಿಗೆ ತಿಳೀಲಿ." ಹೋದೆ. ನೀನು ಹಿಂದೆ ತಂದಿಟ್ಟ ಆ ಜೌಗಿನ ಕರಿ ಹೆಂಟೆ ಅಟ್ಟದ ಮೇಲೆ ಒಣಗಿ ಕುಳ್ಳಿನಂತಾಗಿತ್ತು. ಮುರಿದು ಧೂಪದ ಕೆಂಡದ ಮೇಲಿಟ್ಟು, ಶಾಲು ಹೊದ್ದು ಕೂತವನ ಮುಖದ ಸುತ್ತ ನಿಧಾನ, ಭಾಳ ನಿಧಾನ ನಿವಾಳಿಸಿದೆ. ಉರಿಯಿಲ್ಲ, ಬರೀ ಹೊಗೆ. ಆರತಿಯ ನಡುವೆ ಏಳುವಂತಿಲ್ಲವಲ್ಲ, ಕಣ್ಣೀರು ಸುರಿಸುತ್ತ ಕೆಮ್ಮಿದ. ಪಕ್ಕದಲ್ಲಿದ್ದ ರಾಧಾಬಾಯಿ, "ಏನ್ ಧೂಪನವಾ ಇದು, ಸುಡುಗಾಡು ನಾತ!" ಎಂದರು. ಧೂಪ ಕೆಳಗಿಡದೆ ಅಂದೇಬಿಟ್ಟೆ: "ಇವರು ರಕ್ಷಣಾ ಮಾಡಿದ ಪರಿಸರ ಇದs ರೀ. ಅಲ್ಲಿ ಕೂಸುಗಳು ಬ್ಯಾಸಿಗಿ ತುಂಬ ಇದs ಹೊಗಿ ಕುಡದಾವ. ಒಡ್ಡು ಒಡಿಸಿದವರು ಇವರು, ನನ್ನ ತಮ್ಮ ಅಲ್ಲ."

ಪೂರ್ವಾಳ ಅಪ್ಪ ಮೊದಲ ಸಾಲಿನಲ್ಲೇ ಇದ್ದರು. ಮರುದಿನ ಆ ಸೀರೆ ಮತ್ತೆ ಕೊಡಿ ಎನ್ನುತ್ತ ಬಾಗಿಲಿಗೆ ಬಂದರು. ಚಹಾ ಕೊಟ್ಟೆ, ಸಕ್ಕರೆ ಹಾಕಲಿಲ್ಲ.

ಈಗ ಏನಾಗುತ್ತದೋ ಎಂಬ ಅಂಜಿಕೆ ಇದೆ, ಆದರೆ ನನ್ನ ಒಡಲ ಉರಿ ಇನ್ನೂ ತಣ್ಣಗಾಗಿಲ್ಲ. ನೀರು ಕುದಿಸಿ ಕುಡಿ. ನಿನ್ನ ಭಾವ ನೆನೆಸುತ್ತಿರುತ್ತಾರೆ. ಸವದತ್ತಿ ಎಲ್ಲಮ್ಮ ನಿನ್ನ ಬೆನ್ನಿಗಿರಲಿ.

ನಿನ್ನ ಅಕ್ಕ,
ಸುಮಂಗಲಾ

ತಾ.ಕ.: ಭೀಮು ಕಾಗದಕ್ಕೆ ಬಂದು ನಿಂತಿದ್ದಾನೆ. ವಿಕ್ರಮ ಶುಕ್ರವಾರ ಅಲ್ಲಿಗೆ ಬರುತ್ತಿದ್ದಾನೆ, ಹಳ್ಳಿಯವರ ಮುಂದೆ ನಿನ್ನ ಬಾಯಿಂದಲೇ ತಪ್ಪೊಪ್ಪಿಸಲು. ಅವನ ಹೆಂಡತಿಯೇ ಬಾಯಿಬಿಟ್ಟಳು. ಒಬ್ಬನೇ ಎದುರಾಗಬೇಡ. ಮನೆ ಮುಳುಗಿದವರನ್ನೆಲ್ಲ ದೋಣಿಕಟ್ಟೆಗೆ ಕರೆದುಕೊಂಡು ಹೋಗು. ಒಡ್ಡು ಒಡೆಸಿದವರು ಯಾರೆಂದು ಅವನು ದೋಣಿಯಿಂದ ಇಳಿಯುವ ಮೊದಲೇ ಅವರಿಗೆ ಹೇಳಿಬಿಡು. ಆಮೇಲೆ ನೀನು ಏನೂ ಮಾಡಬೇಡ. ಅವನು ವಾಪಸು ಬರಬೇಕಾದ ದೋಣಿಗಳೆಲ್ಲ ಆ ಹಳ್ಳಿಯವರವೇ.